ಆರನ್ನೂ ಸಂಗ್ರಹಿಸಿ

ನನ್ನ ಪುಸ್ತಕಗಳು ಎಷ್ಟು ಪ್ರತಿ ಖರ್ಚಾದವು ಎಂದು ಪ್ರಕಾಶಕರು ವರ್ಷಕ್ಕೊಮ್ಮೆ ತಿಳಿಸುತ್ತಾರೆ. ಆ ಸಂಖ್ಯೆಯನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಆದರೆ ಮೂರು ವರ್ಷದ ಹಿಂದೆ ನಾನು ಬರೆದ ಹನ್ನೊಂದು ಸಾಲುಗಳನ್ನು ಊರೂರಿನ ಮಕ್ಕಳು ಓದಿದ್ದಾರೆ. ಬೆರಳಿಟ್ಟುಕೊಂಡು, ಅಕ್ಷರ ಕೂಡಿಸಿಕೊಂಡು, ಗಟ್ಟಿಯಾಗಿ ಓದಿದ್ದಾರೆ. ಅವು ಅಚ್ಚಾಗಿದ್ದದ್ದು ಒಂದು ಪೆಪ್ಪರಮೆಂಟಿನ ಡಬ್ಬಿಯ ಒಳಮೈ ಮೇಲೆ. 'ಡಬ್ಬಿಯನ್ನು ಪೂರ್ತಿ ಬಿಚ್ಚಿ' ಎಂದು ಶುರುವಾಗಿ, 'ಚುಕ್ಕಿ ಗೆರೆಯ ಮೇಲೆ ಕತ್ತರಿಸಿ', 'ಬಾಣದ ಗುರುತಿರುವಲ್ಲಿ ಮಡಚಿ' ಎಂದೆಲ್ಲ ಸಾಗುತ್ತಿದ್ದವು. ಹನ್ನೆರಡನೆಯ ಸಾಲೂ ಒಂದಿತ್ತು. ಅದು ನನ್ನದಲ್ಲ. ನನ್ನ ಜಗಳ ಇರುವುದು ಅದರ ಜೊತೆ.

ಕೆಲಸ ಬಂದದ್ದು ಜಾಹೀರಾತುಗಳನ್ನು ಅನುವಾದ ಮಾಡಿಸುವ ಒಂದು ಏಜೆನ್ಸಿಯಿಂದ. ಕತೆ ಬರೆದು ಹೊಟ್ಟೆ ತುಂಬದವರು ಮಾಡುವ ಕೆಲಸ ಅದು. ಫ್ರಿಜ್ಜಿನ ಕೈಪಿಡಿ, ವಿಮೆಯ ಕರಪತ್ರ, ಟೂತ್‌ಪೇಸ್ಟಿನ ಟ್ಯೂಬು, ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ. ಅವೆಲ್ಲಕ್ಕಿಂತ ಈ ಡಬ್ಬಿ ಖುಷಿ ಕೊಟ್ಟಿತು ಎಂದು ಒಪ್ಪಿಕೊಳ್ಳಬೇಕು. ಹತ್ತು ರೂಪಾಯಿಯ ರಟ್ಟಿನ ಡಬ್ಬಿ. ಒಳಗೆ ಎಂಟು ಪೆಪ್ಪರಮೆಂಟು, ಒಂದೊಂದಕ್ಕೂ ಬೇರೆ ಬೇರೆ ಮಿರಮಿರ ಕವರು. ತಿಂದ ಮೇಲೆ ಡಬ್ಬಿಯನ್ನು ಬಿಚ್ಚಿ, ಒಳಗು ಹೊರಗು ಮಾಡಿ ಮಡಚಿದರೆ ಒಂದು ವಾಹನವಾಗುತ್ತದೆ. ಆಟೊ, ಬಸ್ಸು, ಲಾರಿ, ಟ್ರ್ಯಾಕ್ಟರು, ರೈಲಿನ ಎಂಜಿನ್ನು, ವಿಮಾನ ಹೀಗೆ ಆರು ಬಗೆ. ಹೊರಗಿನಿಂದ ಆರೂ ಒಂದೇ ಥರ. ಬಿಚ್ಚುವ ತನಕ ಒಳಗಿರುವುದು ಯಾವುದೆಂದು ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿದ್ದ ಉದ್ದನೆಯ ಘೋಷಣೆಯನ್ನು ನಾನು 'ಎಸೆಯಬೇಡಿ, ಆಡಿ' ಎಂದು ಎರಡೇ ಪದಕ್ಕೆ ಇಳಿಸಿದೆ. ಏಜೆನ್ಸಿಯವರು ಮೆಚ್ಚಿದರು. ನಾನೂ ಮೆಚ್ಚಿಕೊಂಡೆ.

ಕೊನೆಯಲ್ಲಿ ಬೆರಳಗಲ ಜಾಗ ಉಳಿದಿತ್ತು. ಸ್ವಂತ ಖುಷಿಗೆ ಅಲ್ಲೊಂದು ಸಾಲು ಸೇರಿಸಿದೆ: 'ಇದರಿಂದ ಇನ್ನೇನು ಮಾಡಬಹುದು? ನೀವೇ ನೋಡಿ.' ಎರಡು ದಿನ ಬಿಟ್ಟು ಏಜೆನ್ಸಿಯ ಹುಡುಗಿ ಫೋನು ಮಾಡಿದಳು. "ಸರ್, ಆ ಲಾಸ್ಟ್ ಲೈನ್ ತೆಗೀಬೇಕಂತೆ. ಮಗು ಅದ್ರಲ್ಲೇ ಬೇರೆ ಏನೋ ಮಾಡ್ಕೊಂಡು ಕೂತ್ರೆ ಇನ್ನೊಂದು ಡಬ್ಬಿ ಯಾಕೆ ತಗೊಳುತ್ತೆ ಅಂತ ಕ್ಲೈಂಟ್ ಕೇಳ್ತಿದಾರೆ." ಹೇಳುವಾಗ ಅವಳಿಗೆ ನಗು ಬಂದಿತ್ತು, ಕೇಳುವಾಗ ನನಗೂ ಬಂತು. ಆ ಜಾಗದಲ್ಲಿ ಅವರೇ 'ಆರನ್ನೂ ಸಂಗ್ರಹಿಸಿ' ಎಂದು ಹಾಕಿಕೊಂಡರು. ನಾನು ಬಿಲ್ಲು ಕಳಿಸಿದೆ, ಹಣ ಬಂತು.

ಅದು ನಗುವ ಮಾತಾಗಿರಲಿಲ್ಲ ಎಂದು ಗೊತ್ತಾಗಿದ್ದು ಅಕ್ಕನ ಮನೆಯಲ್ಲಿ. ಅಕ್ಕನ ಊರು ಅರಸೀಕೆರೆ ತಾಲ್ಲೂಕಿನಲ್ಲಿದೆ. ಏಜೆನ್ಸಿಯವರು ನೋಡಲೆಂದು ಕಳಿಸಿದ್ದ ಹನ್ನೆರಡು ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಅಕ್ಕನ ಮಗನಿಗೆ ಆಗ ಏಳು ವರ್ಷ, ಮಗಳಿಗೆ ನಾಲ್ಕು. ಹುಡುಗ ಜಗಲಿ ಮೇಲೆ ಕೂತು ನನ್ನ ಸಾಲುಗಳನ್ನು ಓದಿಕೊಳ್ಳುತ್ತ ಕತ್ತರಿ ಹಿಡಿದ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕತ್ತರಿ ಜಾರಿ ಗೆರೆ ದಾಟಿತು. "ಮಾವ, ಹಾಳಾಗೋಯ್ತು" ಅಂದ. ಕಣ್ಣಲ್ಲಿ ನೀರು. ಅಂಟು ಹಚ್ಚಿ ಸರಿ ಮಾಡೋಣ ಬಾರೋ ಅಂದೆ. "ಬ್ಯಾಡ, ಇನ್ನೊಂದು ಕೊಡು" ಅಂದ.

ಹಾಳಾಯಿತು! ಈ ಮಾತನ್ನು ನಾವು ಯಾವತ್ತಾದರೂ ಆಡಿದ್ದೆವಾ ಎಂದು ಯೋಚಿಸಿದೆ. ತೆಂಗಿನ ಗರಿಯ ಪೀಪಿ ಊದದೇ ಹೋದರೆ ಅದೇ ಗರಿ ಗಿರಗಿಟ್ಟಲೆಯಾಗುತ್ತಿತ್ತು, ಅದೂ ತಿರುಗದಿದ್ದರೆ ಕೈಗಡಿಯಾರವಾಗುತ್ತಿತ್ತು. ಸೋಡಾ ಬಾಟಲಿಯ ಮುಚ್ಚಳವನ್ನು ಕಲ್ಲಿನಲ್ಲಿ ಜಜ್ಜಿ ಚಪ್ಪಟೆ ಮಾಡಿ, ಎರಡು ತೂತು ಹೊಡೆದು, ದಾರ ಪೋಣಿಸಿ ಎಳೆದರೆ ಗುಂಯ್ ಅನ್ನುತ್ತಿತ್ತು. ತೂತು ಓರೆಯಾದರೆ ಗೊರಗೊರ ಅನ್ನುತ್ತಿತ್ತು. ಗೊರಗೊರ ಅನ್ನುವುದನ್ನು ಲಾರಿ ಎಂದು ಕರೆದು ಆಡುತ್ತಿದ್ದೆವು. ಚಾಕಲೇಟಿನ ಬಣ್ಣದ ಜಿಲೇಟಿನ್ ಕಾಗದ ಕಣ್ಣಿಗೆ ಹಿಡಿದರೆ ಊರೆಲ್ಲ ಕೆಂಪು, ನಡುವೆ ತಿರುಚಿದರೆ ಲಂಗ ತೊಟ್ಟ ಹುಡುಗಿ. ಆಟದಲ್ಲಿ 'ತಪ್ಪು' ಎಂಬುದು ಬರಬೇಕಾದರೆ ಮೊದಲು ಯಾರಾದರೂ 'ಸರಿ' ಎಂಬುದನ್ನು ಅಚ್ಚು ಹಾಕಿಸಿರಬೇಕು. ಅಚ್ಚು ಹಾಕಿಸಿದವರು ಅವರು, ಕನ್ನಡದಲ್ಲಿ ಬರೆದುಕೊಟ್ಟವನು ನಾನು.

ಅರ್ಧ ಗಂಟೆಯಲ್ಲಿ ಹನ್ನೆರಡೂ ಡಬ್ಬಿ ಬಿಚ್ಚಿದ್ದಾಯಿತು. ಆಟೊ ನಾಲ್ಕು ಬಂದವು. ವಿಮಾನ ಬರಲೇ ಇಲ್ಲ. ಪೆಪ್ಪರಮೆಂಟುಗಳೆಲ್ಲ ತಟ್ಟೆಯಲ್ಲಿ ರಾಶಿಯಾಗಿ ಬಿದ್ದಿದ್ದವು, ಯಾರಿಗೂ ಬೇಡ. ಅಷ್ಟು ಹೊತ್ತಿಗೆ ಚಿಕ್ಕವಳು, ಇನ್ನೂ ಓದಲು ಬಾರದವಳು, ಕೆಳಗೆ ಬಿದ್ದಿದ್ದ ಮಿರಮಿರ ಕವರೊಂದನ್ನು ಎಂಜಲು ಹಚ್ಚಿ ಮುಂದಿನ ಹಲ್ಲಿಗೆ ಅಂಟಿಸಿಕೊಂಡು ಬಂದು "ನಂಗೆ ಬೆಳ್ಳಿ ಹಲ್ಲು" ಎಂದು ಕಿಸಿದಳು. ಅಕ್ಕ "ಥೂ ತೆಗಿ, ನುಂಗ್ಬಿಟ್ಟೀಯ" ಎಂದು ಬೈದು ಕಿತ್ತೆಸೆದಳು. ಬೈದದ್ದು ಸರಿಯೇ. ಸಂಜೆ ಆಟೊಗಳ ಚಕ್ರ ಕಿತ್ತು ಬಂದಿದ್ದವು. ಅಕ್ಕ ರಟ್ಟು, ಕವರು ಎಲ್ಲವನ್ನೂ ಗುಡಿಸಿ ಬಚ್ಚಲ ಒಲೆಗೆ ತುಂಬಿದಳು. ಹಂಡೆಯ ನೀರು ಕಾಯಿತು, ಸ್ನಾನಕ್ಕೆ ಹೋದೆ, ಬಚ್ಚಲ ತುಂಬ ಪ್ಲಾಸ್ಟಿಕ್ಕಿನ ಹೊಗೆ. 'ಎಸೆಯಬೇಡಿ, ಆಡಿ' ಎಂದದ್ದು ನಾನೇ. ಯಾರೂ ಎಸೆದಿರಲಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ, ವಿದ್ಯಾರ್ಥಿಗಳು ಬೇಕಾದರೆ ಪೆನ್ನು ಹಿಡಿದು ಪರೀಕ್ಷಿಸಬಹುದು. ಆರು ಬಗೆಯೂ ಸಮ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬರುತ್ತವೆ, ಯಾವುದನ್ನೂ ಬೇಕೆಂದು ವಿರಳ ಮಾಡಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ಆರನ್ನೂ ಸಂಗ್ರಹಿಸಲು ಒಂದು ಮಗು ಕೊಳ್ಳಬೇಕಾದ ಡಬ್ಬಿ ಆರಲ್ಲ. ಮೊದಲನೆಯದು ಹೇಗೂ ಹೊಸದು. ಎರಡನೆಯ ಬಗೆ ಸಿಗಲು ಸರಾಸರಿ ಐದರಲ್ಲಿ ಆರು, ಅಂದರೆ ಒಂದೂಕಾಲಿನ ಹತ್ತಿರ ಡಬ್ಬಿ ಬೇಕು. ಹೀಗೆ ಮುಂದುವರಿದು, ಐದು ಕೈಗೆ ಬಂದ ಮೇಲೆ ಆರನೆಯದೊಂದಕ್ಕೇ ಸರಾಸರಿ ಆರು ಡಬ್ಬಿ ಬೇಕು. ಎಲ್ಲ ಕೂಡಿಸಿದರೆ 14.7. ಹದಿನೈದು ಡಬ್ಬಿ, 150 ರೂಪಾಯಿ, 120 ಪೆಪ್ಪರಮೆಂಟು, 120 ಕವರು. ಇದು ಸರಾಸರಿ. ಅದೃಷ್ಟ ಕೆಟ್ಟ ಹುಡುಗರಿಗೆ ಇನ್ನೂ ಹೆಚ್ಚು. 'ಆರನ್ನೂ ಸಂಗ್ರಹಿಸಿ' ಎಂಬ ಎರಡು ಪದದ ಸಾಲಿನಲ್ಲಿ ಇಷ್ಟು ಸಕ್ಕರೆ ಅಡಗಿದೆ. ಆಟಿಕೆಯೊಂದು ಉಚಿತವಾಗಿ ಬಂತು ಎಂದುಕೊಳ್ಳುತ್ತೇವೆ. ಆದರೆ ಇಲ್ಲಿ ಮಗು ಬಯಸಿ ಕೊಳ್ಳುತ್ತಿರುವುದು ಆಟಿಕೆಯನ್ನು, ಅದರ ಬಾಲಕ್ಕೆ ಕಟ್ಟಿ ಕಳಿಸಿರುವುದು ಮಿಠಾಯಿಯನ್ನು.

ಇದು ಹೊಸ ಉಪಾಯವೇನೂ ಅಲ್ಲ. ಕನ್ನಡದಲ್ಲಿ ನಾವು ಪುದೀನದ ಗಾಳಿಯೂ ಸೋಕದ ಮಿಠಾಯಿಯನ್ನೂ ಪೆಪ್ಪರಮೆಂಟು ಅನ್ನುತ್ತೇವಲ್ಲ, ಅದರದೇ ಜರ್ಮನ್ ರೂಪವನ್ನು ಕತ್ತರಿಸಿ ಮಾಡಿದ ಹೆಸರು ಪೆಜ್. 1927ರಲ್ಲಿ ವಿಯೆನ್ನಾದಲ್ಲಿ ಎಡ್ವರ್ಡ್ ಹಾಸ್ ಎಂಬಾತ ಅದನ್ನು ಮಾರಲು ಶುರು ಮಾಡಿದ್ದು ಸಿಗರೇಟು ಸೇದುವ ದೊಡ್ಡವರಿಗೆ. 1949ರಲ್ಲಿ ಬಂದ ಅದರ ಡಬ್ಬಿಯೂ ಸಿಗರೇಟ್ ಲೈಟರಿನ ಹಾಗೇ ಇತ್ತು. 1950ರ ದಶಕದಲ್ಲಿ ಅಮೆರಿಕದಲ್ಲಿ ಅದೇ ಡಬ್ಬಿಗೆ ಕಾರ್ಟೂನಿನ ತಲೆ ಕೂರಿಸಿದರು. ತಲೆ ಹಿಂದಕ್ಕೆ ಬಾಗಿಸಿದರೆ ಗಂಟಲಿನಿಂದ ಮಿಠಾಯಿ ಹೊರಗೆ ಬರುತ್ತದೆ. ಹಣ್ಣಿನ ರುಚಿಯೂ ಸೇರಿತು. ದೊಡ್ಡವರ ಪದಾರ್ಥ ಮಕ್ಕಳದಾಯಿತು. ಇಲ್ಲಿ ಡಬ್ಬಿ ಬಾಳಿಕೆ ಬರುವಂಥದು, ಅದೇ ಆಟಿಕೆ. ಒಳಗಿನದು ಮಾತ್ರ ಖಾಲಿಯಾಗುತ್ತಿರುತ್ತದೆ, ತುಂಬಿಸುತ್ತಿರಬೇಕು. ಇದಕ್ಕಿಂತ ಜಾಣ ವ್ಯಾಪಾರ ನಾನು ಕಂಡಿಲ್ಲ.

ಅದಕ್ಕೂ ಮೊದಲು, 1912ರಿಂದ, ಅಮೆರಿಕದ ಕ್ರ್ಯಾಕರ್ ಜ್ಯಾಕ್ ಎಂಬ ಬೆಲ್ಲದ ಪಾಕದಂಥ ಪಾಕ ಹಾಕಿದ ಜೋಳದ ಅರಳು ಮತ್ತು ಕಡಲೆಕಾಯಿಯ ಪೊಟ್ಟಣದೊಳಗೆ ಪುಟ್ಟ ಬಹುಮಾನ ಇರುತ್ತಿತ್ತು. ನೂರು ವರ್ಷ ಮಕ್ಕಳ ಕೈಗೆ ಏನಾದರೊಂದು ವಸ್ತು ಸಿಗುತ್ತಿತ್ತು. 2016ರಲ್ಲಿ ಅದನ್ನೂ ತೆಗೆದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಆಡುವ ಸ್ಟಿಕ್ಕರು ಇಟ್ಟರು. ಆಟಿಕೆ ಯಾರ ಸಲುವಾಗಿ ಇತ್ತು ಎಂಬುದು ಅದನ್ನು ತೆಗೆದಾಗ ಗೊತ್ತಾಗುತ್ತದೆ.

ನನಗೆ ಹೆಚ್ಚು ಕಾಡುವುದು ಇಟಲಿಯ ಮೊಟ್ಟೆಯ ಕತೆ. ಅಲ್ಲಿ ಈಸ್ಟರ್ ಹಬ್ಬಕ್ಕೆ ಒಳಗೊಂದು ಕಾಣಿಕೆ ಅಡಗಿಸಿದ ಚಾಕಲೇಟಿನ ಮೊಟ್ಟೆ ಕೊಡುವ ವಾಡಿಕೆ. ವರ್ಷಕ್ಕೊಮ್ಮೆ ಬರುವ ಈ ಬೆರಗನ್ನು ಮಕ್ಕಳಿಗೆ ದಿನವೂ ಯಾಕೆ ಕೊಡಬಾರದು ಎಂದು ಮಿಕೇಲೆ ಫೆರೇರೊ ಯೋಚಿಸಿದ. 1974ರಲ್ಲಿ ಕಿಂಡರ್ ಸರ್‌ಪ್ರೈಸ್ ಬಂತು. ನಮ್ಮ ಅಂಗಡಿಗಳಲ್ಲಿ ಕೌಂಟರಿನ ಮೇಲೆ, ಸರಿಯಾಗಿ ಆರು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ, ಕೂತಿರುವ ಕಿಂಡರ್ ಜಾಯ್ ಅದರ ತಮ್ಮ. ಮಹಾರಾಷ್ಟ್ರದ ಬಾರಾಮತಿಯಲ್ಲೇ ತಯಾರಾಗುತ್ತದೆ. ಒಂದು ಹೋಳಿನಲ್ಲಿ ಕ್ರೀಮು ಮತ್ತು ಚಮಚ, ಇನ್ನೊಂದರಲ್ಲಿ ಆಟಿಕೆ. ದಿನವೂ ಹಬ್ಬವಾದರೆ ಏನು ತಪ್ಪು ಎಂದು ಕೇಳಬಹುದು. ದಿನವೂ ಬರುವುದನ್ನು ಹಬ್ಬ ಅನ್ನುವುದಿಲ್ಲ, ಹಟ ಅನ್ನುತ್ತಾರೆ. ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಮಗುವನ್ನು ಎಳೆದುಕೊಂಡು ಹೋಗುವ ತಾಯಂದಿರನ್ನು ಕೇಳಿ. ಒಂದು ವಿಚಿತ್ರ ಮಾತ್ರ ಹೇಳಲೇಬೇಕು. ಆ ಮೊಟ್ಟೆಯ ಖಾಲಿ ಹೋಳುಗಳಲ್ಲಿ ಮಣ್ಣು ತುಂಬಿ ಇಡ್ಲಿ ಹುಯ್ಯುವ ಮಕ್ಕಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಳಗಿದ್ದ ಆಟಿಕೆ ಸೋಫಾದ ಕೆಳಗೆ ಸೇರಿರುತ್ತದೆ.

ಕೆಲವು ದೇಶಗಳು ಇದನ್ನು ಸುಮ್ಮನೆ ಬಿಟ್ಟಿಲ್ಲ. ತಿನ್ನುವ ಪದಾರ್ಥದೊಳಗೆ ತಿನ್ನಬಾರದ ವಸ್ತು ಅಡಗಿಸುವಂತಿಲ್ಲ ಎಂಬ 1938ರ ಕಾನೂನಿನ ಕಾರಣಕ್ಕೆ ಅಮೆರಿಕದಲ್ಲಿ ಕಿಂಡರ್ ಸರ್‌ಪ್ರೈಸ್ ಮಾರುವ ಹಾಗಿಲ್ಲ. ಅಲ್ಲಿನ ಚಿಂತೆ ಗಂಟಲದ್ದು. ಚಿಲಿ ದೇಶದ ಚಿಂತೆ ಬೇರೆ. 2016ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು, ಸಕ್ಕರೆ ಕೊಬ್ಬು ಹೆಚ್ಚಿರುವ ತಿನಿಸಿನ ಜೊತೆ ಆಟಿಕೆ ಕೊಟ್ಟು ಮಕ್ಕಳನ್ನು ಕರೆಯಬಾರದು ಎಂದಿತು. ಈ ಎರಡನೆಯ ಚಿಂತೆ ನಮ್ಮಲ್ಲಿ ಯಾರಿಗಾದರೂ ಇದೆಯೆ?

ಗೆಳೆಯರ ಮುಂದೆ ಇದನ್ನೆಲ್ಲ ಹೇಳಿದಾಗ ಬಂದ ಮೊದಲ ಉತ್ತರ, "ಹೇಗೂ ಕಸವಾಗೋ ಡಬ್ಬಿ ಆಟಿಕೆ ಆಯ್ತಲ್ಲ ಮಾರಾಯ, ಒಳ್ಳೇದೇ ಅಲ್ವಾ?" ಇದು ಕೇಳಲು ಚೆಂದ. ಆದರೆ ಆ ರಟ್ಟು ನಮಗೆ ಯಾವತ್ತೂ ಕಷ್ಟ ಕೊಟ್ಟ ಕಸವಲ್ಲ. ಹಳೇ ಪೇಪರಿನವನು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ, ಮಣ್ಣಿಗೆ ಬಿದ್ದರೆ ಕೊಳೆಯುತ್ತದೆ. ಕಷ್ಟ ಇರುವುದು ಒಳಗಿನ ಮಿರಮಿರ ಕವರಿನಲ್ಲಿ. ಪದರ ಪದರವಾಗಿ ಅಂಟಿಸಿದ ಪ್ಲಾಸ್ಟಿಕ್ಕು, ಅದಕ್ಕೆ ಲೋಹದ ಲೇಪ. ಬೇರ್ಪಡಿಸಲಾಗದ್ದರಿಂದ ಗುಜರಿಯವನಿಗೂ ಬೇಡ. ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಒಂದು ಪಟ್ಟಿಯನ್ನೇ ನಿಷೇಧಿಸಿದರು. ಅದರಲ್ಲಿ ಮಿಠಾಯಿಗೆ ಚುಚ್ಚುವ ಪ್ಲಾಸ್ಟಿಕ್ ಕಡ್ಡಿ ಇದೆ. ಮಿಠಾಯಿಗೆ ಸುತ್ತುವ ಪ್ಲಾಸ್ಟಿಕ್ ಕವರು ಇಲ್ಲ. ಕಡ್ಡಿ ಅಪರಾಧಿ, ಕವರು ಸಾಕ್ಷಿ! ಇಂಥ ಹೊತ್ತಿನಲ್ಲಿ ಡಬ್ಬಿಯ ಮೇಲೆ 'ಎಸೆಯಬೇಡಿ' ಎಂದು ಬರೆಸಿದರೆ ಏನಾಗುತ್ತದೆ? ಕಸ ಮಾಡುವವನು ಕಂಪನಿಯಲ್ಲ, ಎಸೆಯುವ ಮಗು ಎಂದಾಗುತ್ತದೆ. ಏಳು ವರ್ಷದ ಹುಡುಗನ ತಲೆಗೆ ಆ ಹೊಣೆ ಹೊರಿಸಿದ ಪದವನ್ನು ಹುಡುಕಿಕೊಟ್ಟವನು ನಾನೇ ಎಂಬುದು ನನಗೆ ಮರೆಯುವುದಿಲ್ಲ.

ಇನ್ನೊಬ್ಬ ಗೆಳೆಯ ಜಪಾನಿನ ಉದಾಹರಣೆ ತಂದ. ಅದು ನಿಜಕ್ಕೂ ಯೋಚಿಸಬೇಕಾದದ್ದು. 2019ರಲ್ಲಿ ನೆಸ್ಲೆ ಕಂಪನಿ ಅಲ್ಲಿ ಕಿಟ್‌ಕ್ಯಾಟಿನ ದೊಡ್ಡ ಚೀಲಗಳನ್ನು ಪ್ಲಾಸ್ಟಿಕ್ಕಿನಿಂದ ಕಾಗದಕ್ಕೆ ಬದಲಿಸಿತು. ಆ ಕಾಗದವನ್ನು ಮಡಚಿ ಕೊಕ್ಕರೆ ಮಾಡುವುದು ಹೇಗೆಂದು ಚೀಲದ ಮೇಲೇ ತೋರಿಸಿತು. ಅಲ್ಲಿ ಕಿಟ್‌ಕ್ಯಾಟ್ ಎಂಬ ಹೆಸರು 'ಖಂಡಿತ ಗೆಲ್ಲುತ್ತೀ' ಎಂಬರ್ಥದ ಜಪಾನಿ ಮಾತಿನ ಹಾಗೆ ಕೇಳಿಸುವುದರಿಂದ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಕೊಡುವ ರೂಢಿ ಇದೆ. ಕಾಗದದ ಕೊಕ್ಕರೆಯೂ ಹಾರೈಕೆಯ ವಸ್ತು. ಎರಡೂ ಕೂಡಿ ಬಂದವು. ಚೀಲದೊಳಗಿನ ಒಂದೊಂದು ತುಂಡಿಗೂ ಪ್ಲಾಸ್ಟಿಕ್ ಕವರು ಹಾಗೇ ಉಳಿಯಿತು, ಅದು ಬೇರೆ ಮಾತು. ಆದರೂ ನಮ್ಮ ಆಟೊಗಿಂತ ಆ ಕೊಕ್ಕರೆ ಎಷ್ಟೋ ವಾಸಿ ಎಂದೇ ನನ್ನ ಅಭಿಪ್ರಾಯ. ಯಾಕೆಂದರೆ ಕೊಕ್ಕರೆ ಕಂಪನಿಯ ಸ್ವತ್ತಲ್ಲ. ಒಮ್ಮೆ ಮಡಚಲು ಕಲಿತವರು ಬಸ್ ಟಿಕೇಟಿನಲ್ಲೂ ಮಡಚಬಹುದು. ಮತ್ತೊಂದು ಚೀಲ ಕೊಳ್ಳಬೇಕಾಗಿಲ್ಲ.

ಕೊಕ್ಕರೆ ಅಂದಾಗ ಸಡಾಕೊ ಸಸಾಕಿಯ ನೆನಪು ಬಾರದೆ ಇರುವುದಿಲ್ಲ. ಹಿರೋಷಿಮಾದ ಮೇಲೆ ಬಾಂಬು ಬಿದ್ದಾಗ ಎರಡು ವರ್ಷದ ಕೂಸು. 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿ, ಹಾಸಿಗೆಯಲ್ಲಿ ಕೂತು ಕೊಕ್ಕರೆ ಮಡಚತೊಡಗಿದಳು. ಅದಕ್ಕೆ ಕಾಗದ ಎಲ್ಲಿಂದ? ಔಷಧಿ ಸುತ್ತಿ ಬರುತ್ತಿದ್ದ ಕಾಗದ, ಕೈಗೆ ಸಿಕ್ಕ ಯಾವುದೇ ಚೂರು. ಅದೇ ವರ್ಷ ಅಕ್ಟೋಬರಿನಲ್ಲಿ ಹನ್ನೆರಡನೆಯ ವಯಸ್ಸಿಗೆ ತೀರಿಕೊಂಡಳು. ಆ ಪುಟ್ಟ ಕೊಕ್ಕರೆಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ಇದನ್ನು ಮಿಠಾಯಿಯ ಪಕ್ಕದಲ್ಲಿ ಇಟ್ಟು ಹೋಲಿಸುವುದು ನನಗೂ ಮುಜುಗರ. ಆದರೆ ಪೊಟ್ಟಣದ ಕಾಗದ ಮಗುವಿನ ಕೈಯಲ್ಲಿ ಏನಾಗಬಲ್ಲದು ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನಗೆ ಗೊತ್ತಿಲ್ಲ. ಆ ಔಷಧಿ ಪೊಟ್ಟಣದ ಮೇಲೆ 'ಇಲ್ಲಿ ಮಡಚಿ' ಎಂದು ಯಾರೂ ಅಚ್ಚು ಹಾಕಿಸಿರಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಇಷ್ಟು ಹೊತ್ತಿಗೆ ವಾಲ್ಟರ್ ಬೆಂಜಮಿನ್ ಹೆಸರು ಎತ್ತುತ್ತಾರೆ ಎಂದು ಬಲ್ಲೆ. ಬಡಗಿಯ, ದರ್ಜಿಯ, ಮನೆಗೆಲಸದ ಉಳಿಕೆ ಚೂರುಗಳತ್ತ ಮಕ್ಕಳು ತಾವಾಗಿ ಹೋಗುತ್ತಾರೆ, ದೊಡ್ಡವರ ಕೆಲಸವನ್ನು ನಕಲು ಮಾಡದೆ ಆ ಚೂರುಗಳ ನಡುವೆ ಹೊಸ ಸಂಬಂಧ ಕಟ್ಟುತ್ತಾರೆ ಎಂದು ಆತ 1928ರಲ್ಲೇ ಬರೆದ. ಸಿದ್ಧ ಆಟಿಕೆ ಮಗುವನ್ನು ಬಳಕೆದಾರನನ್ನಾಗಿ ಮಾಡುತ್ತದೆಯೇ ಹೊರತು ಸೃಷ್ಟಿಸುವವನನ್ನಾಗಿ ಅಲ್ಲ ಎಂದು 1957ರಲ್ಲಿ ರೋಲಾಂ ಬಾರ್ತ್ ಬರೆದ. ನಾನು ಇಬ್ಬರನ್ನೂ ಓದಿದ್ದೆ. ಓದಿದ್ದೂ ಆ ಹನ್ನೊಂದು ಸಾಲು ಬರೆದೆ. ಓದಿನಿಂದ ಆಗುವ ಉಪಕಾರಕ್ಕೆ ಒಂದು ಮಿತಿ ಇದೆ.

ಸೂಚನೆ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗಂದರೆ ಅರವಿಂದ ಗುಪ್ತಾ ಅವರಿಗೂ ಬೈದ ಹಾಗಾಗುತ್ತದೆ. ಐಐಟಿ ಕಾನ್ಪುರದ ಈ ಎಂಜಿನಿಯರು 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ ವಿಜ್ಞಾನ ಶಿಕ್ಷಣದ ಕೆಲಸಕ್ಕೆ ಹೋಗಿ, ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಟಿಕೆ ಕಟ್ಟಿದರು. ಅವರ ಪುಸ್ತಕಗಳ ತುಂಬ ಒಂದು, ಎರಡು, ಮೂರು ಎಂದು ಸೂಚನೆಗಳೇ. ಆದರೆ ಮೂರು ಕಡ್ಡಿ ಸೇರಿಸಿದ ತ್ರಿಕೋನ ಗಟ್ಟಿಯಾಗಿ ನಿಲ್ಲುತ್ತದೆ, ನಾಲ್ಕು ಕಡ್ಡಿಯ ಚೌಕ ಅಲ್ಲಾಡುತ್ತದೆ ಎಂದು ಕೈಗೆ ಗೊತ್ತಾದ ಮಗು ಅಲ್ಲಿಗೆ ನಿಲ್ಲುವುದಿಲ್ಲ, ಐದನೆಯ ಕಡ್ಡಿ ಎತ್ತಿಕೊಳ್ಳುತ್ತದೆ. ಕಸ ಮನೆಯದೇ, ಕೊಳ್ಳಬೇಕಾದ್ದಿಲ್ಲ. ಪುಸ್ತಕವೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ. ಅಲ್ಲಿ ಸೂಚನೆಯ ಕೊನೆಯ ಸಾಲು, ಬರೆದಿರಲಿ ಬಿಡಲಿ, ನನ್ನಿಂದ ತೆಗೆಸಿದ ಸಾಲೇ ಆಗಿರುತ್ತದೆ.

ತಿನಿಸು ಬೇರೆ ಆಟ ಬೇರೆ ಎನ್ನುವ ಮಡಿವಂತಿಕೆಯೂ ನನ್ನದಲ್ಲ. ನಮ್ಮಜ್ಜಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುತ್ತಿದ್ದರು. ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಮರದ ಅಚ್ಚುಗಳಿಗೆ ಹುಯ್ದು, ಆರಿದ ಮೇಲೆ ಬಿಡಿಸಿದರೆ ಗಿಳಿ, ಮೀನು, ಗೋಪುರ, ಬೃಂದಾವನ. ಎಳ್ಳು ಬೀರುವ ತನಕ ತಿನ್ನಬಾರದು, ಮುಟ್ಟಿದರೆ ಬೈಗುಳ. ಹಬ್ಬ ಮುಗಿದ ಮೇಲೆ ನಮ್ಮ ಪಾಲಿನ ಗಿಳಿಯನ್ನು ನಾಲ್ಕು ದಿನ ಆಡಿಸಿ, ಮೊದಲು ಬಾಲ ತಿಂದು, ಆಮೇಲೆ ರೆಕ್ಕೆ ತಿಂದು, ಕೊಕ್ಕನ್ನು ಇರುವೆ ಮುತ್ತುವವರೆಗೂ ಉಳಿಸಿಕೊಳ್ಳುತ್ತಿದ್ದೆವು. ಜಾತ್ರೆಗೆ ಬರುತ್ತಿದ್ದ ಮಿಠಾಯಿಯವನ ಗಳುವಿನ ತುದಿಯಲ್ಲಿ ಚಪ್ಪಾಳೆ ತಟ್ಟುವ ಗೊಂಬೆ, ಗಳುವಿಗೆ ಸುತ್ತಿದ ಗುಲಾಬಿ ಬಿಳಿ ಪಾಕ. ಎಳೆದು ತಿರುಚಿ ನಮ್ಮ ಮಣಿಕಟ್ಟಿಗೇ ವಾಚು ಕಟ್ಟುತ್ತಿದ್ದ. ಚೇಳು ಬೇಕೆಂದರೆ ಚೇಳು. ಗಂಟೆ ಕೇಳಿದವರಿಗೆಲ್ಲ ಹೇಳುತ್ತ, ನಡುನಡುವೆ ನೆಕ್ಕುತ್ತ ಮನೆ ಸೇರುವಷ್ಟರಲ್ಲಿ ವಾಚು ಮಾಯ. ಉಳಿಯುತ್ತಿದ್ದದ್ದು ಕೈಯ ಅಂಟು ಮಾತ್ರ. ಸಕ್ಕರೆ ಅಲ್ಲೂ ಇತ್ತು, ಬಣ್ಣ ಯಾವುದೋ ದೇವರಿಗೇ ಗೊತ್ತು, ಆ ಮನುಷ್ಯ ಕೈ ತೊಳೆದಿದ್ದನ್ನು ನಾನಂತೂ ನೋಡಿಲ್ಲ. ಅದನ್ನು ಆರೋಗ್ಯದ ಮಾದರಿಯೆಂದು ಹೇಳುತ್ತಿಲ್ಲ. ಆದರೆ ಜಾತ್ರೆ ಮುಂದಿನ ವರ್ಷವೇ ಬರುತ್ತಿತ್ತು, ಮತ್ತೆ ಮರುದಿನ ಆರನೆಯ ವಾಚಿಗಾಗಿ ಯಾರೂ ಅಳುತ್ತಿರಲಿಲ್ಲ.

ನನಗೆ ಸುಲಭವಾಗಿ ಉತ್ತರ ಕೊಡಲಾಗದ ಆಕ್ಷೇಪ ಬಂದದ್ದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಗೆಳತಿಯಿಂದ. "ನಿಮ್ಮಂಥೋರಿಗೆ ಇದೆಲ್ಲ ಮಾತಾಡೋಕೆ ಚೆನ್ನಾಗಿರುತ್ತೆ ಕಣೋ. ನಮ್ಮ ಮಕ್ಕಳಿಗೆ ಅಂಗಡಿಯಿಂದ ಹೊಸದಾಗಿ ಬಂದ ಆಟದ ಸಾಮಾನು ಅಂದ್ರೆ ಅದೊಂದೇ. ತೆಂಗಿನ ಗರಿ ಸಾಕು ನಿಂಗೆ ಅಂತ ಅವರಿಗೆ ಹೇಳೋಕೆ ನಾವು ಯಾರು?" ನಿಜ. ಬಡತನದ ಆಟಿಕೆಯನ್ನು ದೂರದಿಂದ ಹಾಡಿ ಹೊಗಳುವುದರಲ್ಲಿ ಒಂದು ಅಸಹ್ಯವಿದೆ, ಮೇಲಿನ ಪ್ಯಾರಾಗಳಲ್ಲಿ ನಾನೂ ಅದನ್ನು ಮಾಡಿರಬಹುದು. ಅವಳ ಮಾತಿಗೆ ತಲೆಬಾಗುತ್ತೇನೆ. ಆದರೆ ಅದೇ ಗೆಳತಿ ಅರ್ಧ ಗಂಟೆ ಬಿಟ್ಟು ಹೇಳಿದ್ದು ಇದು: ತರಗತಿಯಲ್ಲಿ ವಿಮಾನ ಸಿಕ್ಕಿದ್ದು ಒಬ್ಬನಿಗೆ, ಅವನು ಈಗ ರಾಜ. ಇನ್ನೊಬ್ಬ ಹುಡುಗ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಆರು ಹೆಸರು ಬರೆದು ಸಿಕ್ಕಿದ್ದಕ್ಕೆ ಗುರುತು ಹಾಕಿಕೊಳ್ಳುತ್ತಿದ್ದಾನೆ, ಅವನಮ್ಮನ ಪರ್ಸಿನಿಂದ ಹತ್ತು ರೂಪಾಯಿ ಕಾಣೆಯಾಗತೊಡಗಿದೆ. ಬಡ ಮಗುವಿಗೆ ಒಂದು ಹೊಸ ಆಟಿಕೆ ಬೇಕು ಎಂಬುದು ಒಂದು ಮಾತು. ಅದನ್ನು ಆರರಲ್ಲಿ ಒಂದು ಎಂದು ಬಚ್ಚಿಟ್ಟು, ಸಿಕ್ಕಿದ ಮೇಲೂ ಸಿಗದ ಐದನ್ನು ನೆನೆದು ಕೊರಗುವ ಹಾಗೆ ಮಾಡುವುದು ಬೇರೆ ಮಾತು.

ಅವಳ ಶಾಲೆಯ ಗೇಟಿನಿಂದ ಇಪ್ಪತ್ತು ಹೆಜ್ಜೆಗೆ ಪೆಟ್ಟಿಗೆ ಅಂಗಡಿ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ, ಗೇಟಿನಿಂದ 50 ಮೀಟರಿನೊಳಗೆ ಶಾಲಾ ಮಕ್ಕಳಿಗೆ ಮಾರಬಾರದೆಂದು 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ. ಅಂಗಡಿಯ ಅಜ್ಜಿಗೆ ದಂಡ ಹಾಕಿ ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ಎಂಟು ಡಬ್ಬಿ ಮಾರಿ ಬದುಕುವವರನ್ನು ಹಿಡಿಯುವುದು ಬಹಳ ಸುಲಭ. ನಾನು ಕೇಳುತ್ತಿರುವುದು ಡಬ್ಬಿ ಮಾಡಿಸುವವರನ್ನು. ಯಾವ ಆಟಿಕೆ ಎಂದು ಹೊರಗೇ ಬರೆಯಿರಿ, ಮಗು ಒಂದನ್ನು ಆರಿಸಿಕೊಂಡು ಮನೆಗೆ ಹೋಗಲಿ. 'ಸಂಗ್ರಹಿಸಿ' ಎಂಬ ಪದವನ್ನು ಮಕ್ಕಳ ತಿನಿಸಿನ ಮೇಲೆ ಅಚ್ಚು ಹಾಕುವಂತಿಲ್ಲ ಎಂದು ಕಾನೂನು ಮಾಡಲಿ. ಇಲ್ಲವೇ ಒಳಮೈಯನ್ನು ಬೆಳ್ಳಗೆ ಬಿಟ್ಟುಬಿಡಿ. ಶಾಯಿಯೂ ಉಳಿಯುತ್ತದೆ, ಅನುವಾದಕನ ಖರ್ಚೂ ಉಳಿಯುತ್ತದೆ. ಆಟೊ ಮಾಡುತ್ತಾರೋ, ಲೆಕ್ಕ ಬರೆಯುತ್ತಾರೋ, ಮಾಸ್ತರರ ಚಿತ್ರ ಬಿಡಿಸುತ್ತಾರೋ, ಅದು ಅವರ ಪಾಡು.

ಕಳೆದ ತಿಂಗಳು ಅದೇ ಏಜೆನ್ಸಿಯಿಂದ ಮತ್ತೆ ಫೋನು ಬಂತು. ವಾಹನಗಳ ಡಬ್ಬಿ ಚೆನ್ನಾಗಿ ಓಡಿತಂತೆ, ಈಗ ಪ್ರಾಣಿಗಳ ಸರಣಿ. ಪದಕ್ಕೆ ಮೊದಲಿಗಿಂತ ಜಾಸ್ತಿ ಕೊಡುತ್ತಾರಂತೆ. ಆಗುವುದಿಲ್ಲ ಅಂದೆ. ಆ ಹುಡುಗಿ ಕಾರಣ ಕೇಳಲಿಲ್ಲ. ಹೋದ ವಾರ ನಮ್ಮ ಬೀದಿಯ ಅಂಗಡಿಯಲ್ಲಿ ಡಬ್ಬಿ ನೋಡಿದೆ. ಬೇರೆ ಯಾರೋ ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ, ನನ್ನ 'ಎಸೆಯಬೇಡಿ, ಆಡಿ' ಹಾಗೇ ಇದೆ. ಕೊನೆಯ ಸಾಲು ಮಾತ್ರ ಬದಲಾಗಿದೆ: 'ಹನ್ನೆರಡನ್ನೂ ಸಂಗ್ರಹಿಸಿ.' ನಿನ್ನೆ ಅಕ್ಕನ ಮನೆಗೆ ಫೋನು ಮಾಡಿದಾಗ ಚಿಕ್ಕವಳು, ಬೆಳ್ಳಿ ಹಲ್ಲಿನವಳು, ಫೋನು ಕಿತ್ತುಕೊಂಡಳು. ಈಗ ಅವಳಿಗೆ ಏಳು ವರ್ಷ, ಓದಲು ಬರುತ್ತದೆ. "ಮಾವ, ನಿಂಗಾದ್ರೆ ಪುಕ್ಸಟ್ಟೆ ಕೊಡ್ತಾರಲ್ವಾ? ಬರೋವಾಗ ಹುಲಿ ತಗೊಂಡ್ಬಾ. ಆನೆ ಬ್ಯಾಡ, ಮೂರು ಬಂದೈತೆ."